ಹೇಳದೆ ಬಿಟ್ಟದ್ದರ ಮೇಲೆ ನಿಂತ ಮಾತು

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ದತ್ತವಾಡದಿಂದ ದೂಧಗಂಗೆ ದಾಟಿದರೆ ಚಿಕ್ಕೋಡಿ ಸೀಮೆಯ ಮಲಿಕವಾಡ. ಹೊಳೆ ಏರಿದಾಗ ನಡುವಿನ ಸೇತುವೆ ಮುಳುಗುತ್ತದೆ. ಜುಲೈಯಲ್ಲಿ ಸೇತುವೆಯ ದಾರಿಯಲ್ಲಿ ಯಾರಾದರೂ ‘ನೀರ ಬಂದೈತ್ರಿ’ ಎಂದರೆ ಗಾಡಿ ಹಿಂದಕ್ಕೆ ತಿರುಗಬೇಕು. ಬೇಸಿಗೆಯಲ್ಲಿ ಓಣಿಯೊಳಗೆ ಅದೇ ಮಾತು ಕೇಳಿದರೆ ಕೊಡ ಹಿಡಿದು ನಳದ ಕಡೆ ಹೋಗಬೇಕು. ವಾಕ್ಯದಲ್ಲಿ ಸೇತುವೆಯೂ ಇಲ್ಲ, ನಳವೂ ಇಲ್ಲ. ಕಾಲ ಯಾವುದು, ನಿಂತ ಜಾಗ ಯಾವುದು, ಎದುರಿನವರಿಗೆ ಏನು ಗೊತ್ತಿದೆ ಎಂಬ ಅಂದಾಜು ಇಬ್ಬರಲ್ಲೂ ಇದೆ. ಇದೆ ಎಂಬುದೂ ಇಬ್ಬರಿಗೂ ಗೊತ್ತು. ಎದುರಾಬದುರು ಮಾತು ಸಾಗಲು ಒಂದೇ ಭಾಷೆ ಇದ್ದರೆ ಸಾಲದು, ಕೆಲವೊಮ್ಮೆ ಅದು ಬೇಕೆಂದೂ ಇಲ್ಲ. ಬೇಕಾದದ್ದು ಈ ಕೂಡುತಿಳಿವು.

ಇದಕ್ಕೆ ಪಕ್ಕದ ಸಾಂಗ್ಲಿ ಜಿಲ್ಲೆಯ ಕುಪವಾಡವೇ ಸಾಕ್ಷಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಆ ಊರಿನ ಮಾತಿನ ಬಗ್ಗೆ ಬರೆದ ಪ್ರಬಂಧ ಭಾಷಾವಿಜ್ಞಾನದಲ್ಲಿ ಇಂದಿಗೂ ಹೆಸರುವಾಸಿ. ಅಲ್ಲಿನ ಜೈನರು, ಲಿಂಗಾಯತರು ಕನ್ನಡದವರು, ಮುಸ್ಲಿಮರು ಉರ್ದುವಿನವರು. ಮರಾಠಿ, ತೆಲುಗು ಮನೆಗಳೂ ಇದ್ದವು. ತಲೆತಲಾಂತರದ ಒಡನಾಟದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಅಚ್ಚು ಬಹುಪಾಲು ಒಂದೇ ಆಗಿತ್ತು. ಪದಕ್ಕೆ ಪದ ಬದಲಿಸಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದಿತ್ತು. ಆದರೆ ಪದಗಳು ಬೇರೆಯಾಗಿಯೇ ಉಳಿದವು. ಮನೆಯ ಗುರುತನ್ನು ಬಿಡದೆ ಹೊಲದಲ್ಲೂ ಸಂತೆಯಲ್ಲೂ ಒಂದು ನೆಲೆಗೆ ಬಂದವರು ಅವರು. ನನ್ನ ಮಟ್ಟಿಗೆ ಇದು ಭಾಷೆಯ ಜಗಳಗಳಿಗಿಂತ ಹೆಚ್ಚು ನೆನಪಿಡಬೇಕಾದ ಗಡಿನಾಡಿನ ಸಂಗತಿ.

‘ಇದು ಹಳೆಯ ನೆರೆಹೊರೆಯವರ ಕತೆ, ಹೊಸಬರ ಗತಿಯೇನು?’ ಎಂಬ ಆಕ್ಷೇಪ ಸಹಜ. ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಬ್ಬಿಬ್ಬರನ್ನು ಕೂರಿಸಿ, ನಡುವೆ ತೆರೆ ಇಟ್ಟು, ಹೆಸರಿಲ್ಲದ 12 ವಿಚಿತ್ರ ಆಕೃತಿಗಳನ್ನು ಮಾತಿನಿಂದಲೇ ಗುರುತಿಸಿ ಜೋಡಿಸಲು ಹೇಳಲಾಯಿತು. ಮೊದಲ ಸುತ್ತಿನಲ್ಲಿ ಒಂದೊಂದು ಆಕೃತಿಗೆ ವಿವರಿಸುವವರಿಗೆ ಸರಾಸರಿ 41 ಪದ ಬೇಕಾದವು. ಆರನೆಯ ಸುತ್ತಿಗೆ 8 ಸಾಕಾದವು. ಮುಖ ಕಾಣದಿದ್ದರೂ ‘ಹೂಂ’, ‘ಯಾವುದು?’ ಎನ್ನುತ್ತ ಇಬ್ಬರೂ ಕೂಡಿ ತಿಳಿವನ್ನು ಕಟ್ಟಿಕೊಂಡರು. ಇಂಥದೇ ಇನ್ನೊಂದು ಪ್ರಯೋಗವನ್ನು ಮೈಕಲ್ ಶೋಬರ್ ಜೊತೆ ಕ್ಲಾರ್ಕ್ 1989ರಲ್ಲಿ ಪ್ರಕಟಿಸಿದರು. ಪೂರ್ತಿ ಮಾತನ್ನು ಮೊದಲಿಂದ ಕೇಳಿಸಿಕೊಂಡರೂ ನಡುವೆ ಬಾಯಿ ಹಾಕಲಾಗದ ಮೂರನೆಯವರು ಹೆಚ್ಚು ತಪ್ಪಿದರು. ಭಾಷೆ ಅದೇ, ಪದಗಳೂ ಅವೇ. ಮರುಪ್ರಶ್ನೆಯ ಅವಕಾಶ ಮಾತ್ರ ಅವರಿಗೆ ಇರಲಿಲ್ಲ.

ಹಾಗಾದರೆ ಒಂದೇ ಮನೆಯಲ್ಲಿ ಒಂದೇ ಮಾತಾಡುವವರು ತಪ್ಪು ತಿಳಿಯುವುದೇಕೆ? ಅಲ್ಲಿ ಕೂಡುತಿಳಿವು ಇದ್ದೇ ಇದೆ ಎಂದು ಮೊದಲೇ ನಂಬಿರುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳುವುದಿಲ್ಲ. ಹೊಸಬರೊಡನೆ ಇರುವ ಎಚ್ಚರ ಒಳಗಿನವರೊಡನೆ ಸಡಿಲುತ್ತದೆ. ಕಚೇರಿಗಳಲ್ಲಿ ತೊಂದರೆ ಬೇರೆ: ಮೇಲಿನವರು ‘ತಿಳಿಯಿತೇ?’ ಎಂದರೆ ತಿಳಿಯದವರೂ ಮರ್ಯಾದೆಗೆ ‘ಹೂಂರಿ’ ಎನ್ನುತ್ತಾರೆ. ಆ ಹೂಂಗುಟ್ಟುವಿಕೆಯನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಾರದು. ಗಡಿಯ ಹಳ್ಳಿಗಳಿಗೆ ಹೋಗುವ ವೈದ್ಯರು, ಬ್ಯಾಂಕಿನವರು, ಕೃಷಿ ಸಹಾಯಕರು ‘ತಿಳಿಯಿತೇ?’ ಎಂದು ಕೇಳುವುದನ್ನು ಬಿಟ್ಟು ‘ಈಗ ಮನೆಗೆ ಹೋಗಿ ಏನು ಮಾಡತೀರಿ, ಹೇಳ್ರಿ’ ಎಂದು ಕೇಳಲಿ.