ಜಠರದ ಅರ್ಬುದರೋಗ ಹಾಗೂ ಎಂ.ಆರ್.ಐ. ಪರೀಕ್ಷೆಯ ಪೂರ್ವಸಿದ್ಧತೆ

ಜಠರದಲ್ಲಿ ಅರ್ಬುದರೋಗ, ಅಂದರೆ ಕ್ಯಾನ್ಸರ್, ಉಂಟಾಗಿದೆಯೆಂಬುದು ಎಂಡೋಸ್ಕೋಪಿಯಿಂದಲೂ ಅಲ್ಲಿಂದ ತೆಗೆದ ತುಣುಕಿನ ಪರಿಶೀಲನೆಯಿಂದಲೂ ನಿಶ್ಚಯವಾಗುತ್ತದೆ. ಆದರೆ ಗಂತಿಯು ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಯಕೃತ್ತಿಗೆ ಹರಡಿದೆಯೇ ಎಂಬುದನ್ನು ಅರಿಯದೆ, ಶಸ್ತ್ರಕ್ರಿಯೆ ಮೊದಲೋ ಔಷಧೋಪಚಾರ ಮೊದಲೋ ಎಂದು ನಿರ್ಧರಿಸಲಾಗದು. ಇದಕ್ಕೆ ಸಾಮಾನ್ಯವಾಗಿ ಸಿ.ಟಿ. ಪರೀಕ್ಷೆಯನ್ನು ಅವಲಂಬಿಸುತ್ತಾರೆ, ಅದರಿಂದ ಸಂದೇಹ ನಿವಾರಣೆಯಾಗದಿದ್ದಾಗ ಎಂ.ಆರ್.ಐ. ನೆರವಿಗೆ ಬರುತ್ತದೆ. ಈ ವಿಧಾನಕ್ಕೆ 1973ರಲ್ಲಿ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಅವರಿಗೂ ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ. ಪ್ರಬಲ ಅಯಸ್ಕಾಂತ ಕ್ಷೇತ್ರ ಮತ್ತು ರೇಡಿಯೋ ತರಂಗಗಳ ಸಹಾಯದಿಂದ ಚಿತ್ರ ಮೂಡುತ್ತದೆ.

ಮಿದುಳಿನಂತೆ ಜಠರವು ನಿಶ್ಚಲವಾದ ಅವಯವವಲ್ಲ. ಅದು ನಿಮಿಷಕ್ಕೆ ಸುಮಾರು 3 ಬಾರಿ ಸಂಕುಚಿಸುತ್ತದೆ. ಉಸಿರಾಟದೊಡನೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಚಿತ್ರವು ರೂಪುಗೊಳ್ಳಲು ಹಲವು ಸೆಕೆಂಡುಗಳು ಬೇಕಾಗುವುದರಿಂದ ಈ ಚಲನೆಯಿಂದ ಅದು ಮಸುಕಾಗುತ್ತದೆ. ಬರಿದಾದ ಜಠರದ ಮಡಿಕೆಗಳು ಗಂತಿಯಂತೆ ತೋರಬಹುದು. ಒಳಗಿನ ಗಾಳಿಯು ಅಯಸ್ಕಾಂತ ಕ್ಷೇತ್ರವನ್ನು ಏರುಪೇರು ಮಾಡಿ ಚಿತ್ರವನ್ನು ವಿಕೃತಗೊಳಿಸಬಹುದು.

ಪೂರ್ವಸಿದ್ಧತೆಯ ಉದ್ದೇಶ ಈ ದೋಷಗಳ ನಿವಾರಣೆಯೇ. ರೋಗಿಯು ಸುಮಾರು 6 ಗಂಟೆಗಳ ಕಾಲ ಉಪವಾಸವಿದ್ದರೆ ಅನ್ನದ ಶೇಷ ಉಳಿಯುವುದಿಲ್ಲ. ಪರೀಕ್ಷೆಗೆ ತುಸು ಮುನ್ನ ಅರ್ಧದಿಂದ ಒಂದು ಲೀಟರು ನೀರನ್ನು ನಿಧಾನವಾಗಿ ಕುಡಿಸಿದರೆ ಮಡಿಕೆಗಳು ಬಿಚ್ಚಿ ಗೋಡೆ ಸ್ಪಷ್ಟವಾಗುತ್ತದೆ. ಜಠರದ ಚಲನೆಯನ್ನು ಅಲ್ಪಕಾಲ ತಡೆಯಲು ಹಯೋಸೀನ್ ಬ್ಯುಟೈಲ್‌ಬ್ರೊಮೈಡ್ ಎಂಬ ಔಷಧದ ಚುಚ್ಚುಮದ್ದನ್ನು ಕೊಡುವುದುಂಟು. ಇದರ ಪ್ರಭಾವ ಬಹಳ ಹೊತ್ತು ನಿಲ್ಲದ ಕಾರಣ ಚಿತ್ರಣಕ್ಕೆ ತೊಡಗುವ ಹೊತ್ತಿಗೇ ಕೊಡಬೇಕು. 15ರಿಂದ 20 ಸೆಕೆಂಡು ಉಸಿರು ಬಿಗಿಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಸಬೇಕು. ಅಷ್ಟು ಶಕ್ತಿಯಿಲ್ಲದ ದುರ್ಬಲರಿಗೆ ಉಸಿರಾಟದ ಲಯಕ್ಕೆ ಹೊಂದಿಸಿ ಚಿತ್ರ ತೆಗೆಯುವ ವಿಧಾನವೂ ಇದೆ.

ಆದರೆ ಒಂದೇ ನಿಯಮ ಎಲ್ಲರಿಗೂ ಸಲ್ಲದು. ಗಂತಿಯಿಂದ ಜಠರದ ಕೆಳದ್ವಾರ ಮುಚ್ಚಿದವರಿಗೆ ಅಷ್ಟು ನೀರು ಕುಡಿಸಿದರೆ ವಾಂತಿಯಾದೀತು; ಉಪವಾಸದಿಂದಲೂ ಅವರ ಜಠರ ಬರಿದಾಗದು. ಕೆಲವು ಬಗೆಯ ಗ್ಲಾಕೋಮಾ, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಅಥವಾ ಹೃದ್ರೋಗ ಇರುವವರಿಗೆ ಮೇಲೆ ಹೇಳಿದ ಚುಚ್ಚುಮದ್ದು ಅಪಾಯಕರವಾಗಬಹುದು. ಮಧುಮೇಹಿಗಳು ಉಪವಾಸದ ದಿನದ ಔಷಧದ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ಪೇಸ್‌ಮೇಕರ್, ಶರೀರದೊಳಗಿನ ಲೋಹದ ತುಣುಕು, ಮೂತ್ರಪಿಂಡದ ಕಾಯಿಲೆ ಇವುಗಳನ್ನು ಮರೆಮಾಚದೆ ತಿಳಿಸಬೇಕು. ತಾಳಿ, ಉಂಗುರ, ಉಡಿದಾರಗಳನ್ನು ಕಳಚಿಡಬೇಕು.

ಉಪಕರಣಕ್ಕೆ ಕೋಟಿಗಟ್ಟಲೆ ಹಣ ವ್ಯಯವಾದರೂ, ರೋಗಿಗೆ ಅವನ ಭಾಷೆಯಲ್ಲಿ ಇಷ್ಟನ್ನು ತಿಳಿಹೇಳುವವರಿಲ್ಲದಿದ್ದರೆ ಮಸುಕು ಚಿತ್ರವೇ ದೊರೆತೀತು. ಪರೀಕ್ಷೆಯನ್ನು ಮತ್ತೆ ಮಾಡಬೇಕಾದೀತು, ಚಿಕಿತ್ಸೆಯೂ ತಡವಾದೀತು. ಊರಿನ ಜನ ಆಸ್ಪತ್ರೆಯ ಚೀಟಿ ಹಿಡಿದು ಮೊದಲು ಬರುವುದು ಅಕ್ಷರ ಬಲ್ಲವರ ಬಳಿಗೆ. ಅಂಥ ಸಮಯದಲ್ಲಿ ಚೀಟಿಯ ಸೂಚನೆಗಳನ್ನು ಸಾವಧಾನವಾಗಿ ಓದಿ ವಿವರಿಸುವುದು ಶಿಕ್ಷಕರಿಗೂ ವಿದ್ಯಾವಂತರಿಗೂ ಸಾಧ್ಯವಿರುವ ಸೇವೆ; ರೋಗಿಯ ಪಾಲಿಗೆ ಅದು ಸಣ್ಣದಲ್ಲ.