ಒಂದು ಸೆಕೆಂಡಿಗೆ ಎಷ್ಟು ಕ್ಲಿಕ್?

ಮೌಸಿನ ಗುಂಡಿಯನ್ನು ಸೆಕೆಂಡಿಗೆ ಎಷ್ಟು ಸಲ ಒತ್ತಬಹುದು ಎಂಬ ಲೆಕ್ಕಕ್ಕೆ ಗೇಮಿಂಗ್ ವಲಯದಲ್ಲಿ ಸಿಪಿಎಸ್ ಎನ್ನುತ್ತಾರೆ. 'ಕ್ಲಿಕ್ಸ್ ಪರ್ ಸೆಕೆಂಡ್' ಎಂಬುದರ ಮೊಟಕು ರೂಪ ಅದು. ಬಿದ್ದ ಕ್ಲಿಕ್‌ಗಳನ್ನು ಎಣಿಸಿ, ಕಳೆದ ಸೆಕೆಂಡುಗಳಿಂದ ಭಾಗಿಸಿದರೆ ಮುಗಿಯಿತು. ಹತ್ತು ಸೆಕೆಂಡಿನಲ್ಲಿ 65 ಕ್ಲಿಕ್ ಆದರೆ ವೇಗ 6.5. ಆದರೆ ಎಷ್ಟು ಹೊತ್ತಿನ ಪರೀಕ್ಷೆ ಎಂದು ಹೇಳದ ಅಂಕಿಗೆ ಬೆಲೆಯಿಲ್ಲ. ಒಂದೆರಡು ಸೆಕೆಂಡು ಬಿರುಸಾಗಿ ಓಡುವ ಬೆರಳು ಒಂದು ನಿಮಿಷ ಅದೇ ವೇಗದಲ್ಲಿ ಓಡದು. ಇನ್ನೊಂದು ಕಿರು ಮೋಸವೂ ಇದೆ. ಎಷ್ಟೋ ಪರೀಕ್ಷೆಗಳಲ್ಲಿ ಮೊದಲ ಕ್ಲಿಕ್ ಬಿದ್ದಾಗಲೇ ಗಡಿಯಾರ ಓಡತೊಡಗುತ್ತದೆ. ಹಾಗಾಗಿ ಆ ಕ್ಲಿಕ್ ಪುಕ್ಕಟೆ. ಒಂದು ಸೆಕೆಂಡಿನ ಪರೀಕ್ಷೆಯಲ್ಲಿ ಅದು ಇಡೀ ಒಂದು ಅಂಕ ಕೂಡಿಸುತ್ತದೆ, ಹತ್ತು ಸೆಕೆಂಡಿನದರಲ್ಲಿ ಬರೀ 0.1.

ಬೆರಳಿನ ವೇಗ ಅಳೆಯುವ ಕೆಲಸ ಆಟಗಾರರಿಂದಲೇ ಶುರುವಾದದ್ದಲ್ಲ. ಮಿದುಳಿಗೆ ಪೆಟ್ಟಾದವರ ಕೈಚಲನೆ ಪರೀಕ್ಷಿಸಲು ನರಮನೋವಿಜ್ಞಾನಿಗಳು ತೋರುಬೆರಳಿನಿಂದ ಹತ್ತು ಸೆಕೆಂಡು ಸನ್ನೆಕೋಲನ್ನು ತಟ್ಟಿಸಿ, ಹಲವು ಸುತ್ತುಗಳ ಸರಾಸರಿ ತೆಗೆಯುವುದು ಹಳೆಯ ಪದ್ಧತಿ. ಆರೋಗ್ಯವಂತ ವಯಸ್ಕರ ಬಲಗೈಗೆ ಅದರಲ್ಲಿ ಸಿಗುವುದು ಸುಮಾರು 50 ತಟ್ಟು. ಆಟದ ಲೋಕದಲ್ಲಿ ಈ ಹುಚ್ಚು ಹಬ್ಬಿಸಿದವರು ಜಪಾನಿನ ಹಡ್ಸನ್ ಸಾಫ್ಟ್ ಕಂಪನಿಯ ತಕಹಾಶಿ ಮೇಜಿನ್. 1980ರ ದಶಕದಲ್ಲಿ ಅವರು ವಿಡಿಯೊ ಗೇಮಿನ ಗುಂಡಿಯನ್ನು ಸೆಕೆಂಡಿಗೆ 16 ಸಲ ಒತ್ತುವುದಕ್ಕೆ ಹೆಸರಾಗಿದ್ದರು. 1987ರಲ್ಲಿ ಕಂಪನಿ ಮಕ್ಕಳಿಗಾಗಿ ಗುಂಡಿ ಒತ್ತುವ ವೇಗ ಎಣಿಸುವ ಪುಟ್ಟ ಸಾಧನವನ್ನೇ ಮಾರುಕಟ್ಟೆಗೆ ತಂದಿತು.

ಮೌಸಿನ ಕಡೆಗೆ ಈ ಪೈಪೋಟಿಯನ್ನು ತಿರುಗಿಸಿದ್ದರಲ್ಲಿ 'ಮೈನ್‌ಕ್ರಾಫ್ಟ್' ಆಟದ ಪಾಲು ದೊಡ್ಡದು. ಅದರ 1.8 ಆವೃತ್ತಿಯವರೆಗೆ ಕತ್ತಿ ಬೀಸಿದ ಮೇಲೆ ಕಾಯಬೇಕಾದ್ದಿರಲಿಲ್ಲ, ಕ್ಲಿಕ್ ಮಾಡಿದಷ್ಟೂ ಬೀಸು. 2016ರ ಫೆಬ್ರುವರಿ 29ರಂದು ಬಂದ 1.9 ಆವೃತ್ತಿ ಎರಡು ಏಟಿನ ನಡುವೆ ಬಿಡುವು ತಂದಿತು. ಅದು ಹಿಡಿಸದ ಕಾದಾಟಪ್ರಿಯರು ಹಳೆಯ ಆವೃತ್ತಿಯಲ್ಲೇ ಉಳಿದರು. ತಮಾಷೆಯೆಂದರೆ, ಅಲ್ಲಿಯೂ ಏಟು ತಿಂದವನಿಗೆ ಸುಮಾರು ಅರ್ಧ ಸೆಕೆಂಡು ರಕ್ಷಣೆ ಇರುತ್ತದೆ. ಆ ಹೊತ್ತಿನಲ್ಲಿ ಬಿದ್ದ ಅಷ್ಟೇ ಬಲದ ಏಟು ತಾಗುವುದಿಲ್ಲ. ಅಂದರೆ ಸೆಕೆಂಡಿಗೆ 12 ಕ್ಲಿಕ್ ಮಾಡಿದರೂ ನಾಟುವುದು ಎರಡೇ. ರಕ್ಷಣೆ ಮುಗಿದ ಗಳಿಗೆಯಲ್ಲೇ ಒಂದು ಕ್ಲಿಕ್ ಬಿದ್ದಿರುವ ಸಂಭವ ಹೆಚ್ಚುತ್ತದೆ, ವೇಗದಿಂದ ಸಿಗುವ ಲಾಭ ಅಷ್ಟೇ. ಗುರಿ ತಪ್ಪಿದವನಿಗೆ ಅದೂ ಇಲ್ಲ.

ಬೆರಳನ್ನು ಮಡಿಸುವ ಸ್ನಾಯು ಬೇರೆ, ಎತ್ತುವ ಸ್ನಾಯು ಬೇರೆ. ಇವೆರಡಕ್ಕೂ ಸರದಿಯ ಮೇಲೆ ಆಜ್ಞೆ ಹೋಗಬೇಕಾದ್ದರಿಂದ ಸಾಮಾನ್ಯರ ಒಂಟಿ ಬೆರಳು ಸೆಕೆಂಡಿಗೆ ಆರೇಳು ಕ್ಲಿಕ್ಕಿಗೇ ಏದುಸಿರು ಬಿಡುತ್ತದೆ. ಈ ಮಿತಿ ದಾಟಲು ಆಟಗಾರರು ಮೂರು ಉಪಾಯ ಹುಡುಕಿದ್ದಾರೆ. ಮೊದಲನೆಯದು ಜಿಟ್ಟರ್ ಕ್ಲಿಕ್: ಮುಂಗೈ ಬಿಗಿಹಿಡಿದು, ಅದರಿಂದ ಹುಟ್ಟುವ ನಡುಕವನ್ನೇ ಗುಂಡಿಗೆ ದಾಟಿಸುವುದು. ವೇಗ ಹತ್ತು ದಾಟಬಹುದು, ಆದರೆ ಪರದೆಯ ಮೇಲೆ ಗುರಿಯೂ ನಡುಗುತ್ತದೆ. ಬಟರ್‌ಫ್ಲೈ ಕ್ಲಿಕ್‌ನಲ್ಲಿ ಒಂದೇ ಗುಂಡಿಯನ್ನು ಎರಡು ಬೆರಳು ಸರದಿಯಲ್ಲಿ ತಟ್ಟುತ್ತವೆ. ತಬಲಾದಲ್ಲಿ ತಿರಕಿಟ ನುಡಿಸುವವರ ಬೆರಳುಗಳನ್ನು ಗಮನಿಸಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಮೂರನೆಯದಾದ ಡ್ರ್ಯಾಗ್ ಕ್ಲಿಕ್‌ನಲ್ಲಿ ಬೆರಳನ್ನು ಗುಂಡಿಯ ಮೇಲೆ ತೀಡಿ ಎಳೆಯುತ್ತಾರೆ. ಘರ್ಷಣೆಗೆ ಗುಂಡಿ ಅದುರಿ ಒಂದೇ ಎಳೆತಕ್ಕೆ ಹತ್ತಾರು ಕ್ಲಿಕ್ ದಾಖಲಾಗುತ್ತವೆ. ಇದನ್ನು ಬೆರಳಿನ ವೇಗ ಎನ್ನುವುದು ಕಷ್ಟ.

ಇಲ್ಲಿ ಮೌಸಿನದೂ ಕೈವಾಡವಿದೆ. ಗುಂಡಿಯ ಕೆಳಗಿನ ಸ್ವಿಚ್ಚಿನ ಲೋಹದ ತಗಡು ಒತ್ತಿದಾಗ ಒಂದೇ ಸಲ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಆ ಪುಟಿತಗಳನ್ನು ಕ್ಲಿಕ್ ಎಂದು ಎಣಿಸದಿರಲು ಮೌಸಿನೊಳಗಿನ ತಂತ್ರಾಂಶ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಡಿಬೌನ್ಸ್ ಸಮಯ ಎನ್ನುತ್ತಾರೆ. ಇದನ್ನು ಕಡಿಮೆ ಮಾಡಿದರೆ, ಅಥವಾ ಸ್ವಿಚ್ ಸವೆದರೆ, ಒಂದು ಒತ್ತು ಎರಡಾಗಿ ದಾಖಲಾಗುತ್ತದೆ. ಹಾಗೆ ನೋಡಿದರೆ ಕೆಟ್ಟ ಮೌಸಿನವನೇ ವೇಗದ ಪಟ್ಟಿಯಲ್ಲಿ ಮೇಲೇರಬಹುದು! ಕಂಪ್ಯೂಟರಿಗೆ ಮೌಸ್ ವರದಿ ಕಳಿಸುವ ದರವನ್ನೂ ಜಾಹೀರಾತುಗಳು ದೊಡ್ಡದಾಗಿ ಸಾರುತ್ತವೆ. ಸಾಧಾರಣ ಮೌಸಿನದು ಸೆಕೆಂಡಿಗೆ 125, ಗೇಮಿಂಗ್ ಮೌಸಿನದು 1000. ಮೊದಲನೆಯದರಲ್ಲಿ 8 ಮಿಲಿಸೆಕೆಂಡಿಗೊಂದು ವರದಿ ಹೋಗುತ್ತದೆ. ಹತ್ತು ಕ್ಲಿಕ್ಕಿನ ವೇಗದಲ್ಲೂ ಒಂದೊಂದು ಕ್ಲಿಕ್ಕಿಗೆ 100 ಮಿಲಿಸೆಕೆಂಡು ಸಿಗುವುದರಿಂದ ಎಣಿಕೆಗೆ ಅದು ಧಾರಾಳ ಸಾಕು. ಹಗುರ ಒತ್ತಿಗೆ ಬಗ್ಗಿ ಬೇಗ ಮೇಲೇಳುವ ಗುಂಡಿ ಬೆರಳಿಗೆ ನಿಜವಾದ ಸಹಾಯ.

ಅಭ್ಯಾಸದಿಂದ ವೇಗ ಸ್ವಲ್ಪ ಏರುತ್ತದೆ. ಬೆರಳನ್ನು ಗುಂಡಿಯಿಂದ ಮೇಲೆತ್ತದೆ, ಭುಜ ಸಡಿಲಬಿಟ್ಟು, ಮಣಿಕಟ್ಟು ನೇರ ಇಟ್ಟು, ದಿನಕ್ಕೆ ಕೆಲವೇ ನಿಮಿಷ, ನಡುನಡುವೆ ಬಿಡುವು ಕೊಟ್ಟು ಮಾಡಿದರೆ ಸಾಕು. ಪ್ರಗತಿ ಅಳೆಯುವಾಗ ಅದೇ ಮೌಸ್, ಅದೇ ಅವಧಿ, ಐದು ಸುತ್ತಿನ ಸರಾಸರಿ ಇರಬೇಕು. ಅತ್ಯುತ್ತಮ ಸುತ್ತನ್ನು ಮಾತ್ರ ಹೆಕ್ಕಿದರೆ ಅದು ಅದೃಷ್ಟದ ಅಳತೆ. ಮುಂಗೈ ನೋವು, ಬೆರಳು ಜೋಮು ಹಿಡಿಯುವುದು ಕಂಡರೆ ನಿಲ್ಲಿಸಬೇಕು. ಒಂದೇ ಚಲನೆಯ ಸತತ ಪುನರಾವರ್ತನೆಯಿಂದ ಸ್ನಾಯುರಜ್ಜು ಊದಿಕೊಳ್ಳಬಹುದು, ಜಿಟ್ಟರ್ ಕ್ಲಿಕ್‌ನ ಬಿಗಿತವಂತೂ ಕೈಗೆ ಇನ್ನಷ್ಟು ಭಾರ.

ತಾನಾಗಿ ಕ್ಲಿಕ್ ಮಾಡುವ ಆಟೊ ಕ್ಲಿಕ್ಕರ್ ತಂತ್ರಾಂಶಗಳನ್ನು ಹಲವು ಗೇಮ್ ಸರ್ವರ್‌ಗಳು ನಿಷೇಧಿಸಿವೆ. ಕೆಲವೆಡೆ ಡ್ರ್ಯಾಗ್ ಕ್ಲಿಕ್ಕಿಗೂ ಅವಕಾಶವಿಲ್ಲ. ಕಳ್ಳಾಟ ಪತ್ತೆ ಮಾಡುವಾಗ ವೇಗದ ಜೊತೆಗೆ ಲಯವನ್ನೂ ನೋಡಬಹುದು: ಮನುಷ್ಯನ ಕ್ಲಿಕ್‌ಗಳ ನಡುವಿನ ಅಂತರ ಎಂದೂ ಒಂದೇ ಸಮ ಇರುವುದಿಲ್ಲ.