ಯುದ್ಧವೂ ವಿದ್ಯಾರ್ಥಿಯ ವಿಷಯದ ಆಯ್ಕೆಯೂ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಜಾಲಹಳ್ಳಿಯು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಹೊಲ ತೋಟಗಳ ನಡುವಣ ಒಂದು ಸಾಧಾರಣ ಗ್ರಾಮವಾಗಿದ್ದಿತು. ಯುದ್ಧವು ಅಲ್ಲಿಗೆ ಗಾಯಾಳುಗಳ ರೂಪದಲ್ಲಿಯೂ ಬಂದಿತು. ಸೈನಿಕ ಆಸ್ಪತ್ರೆಯ ಬಿಡಾರಗಳು ಸಾಲುಸಾಲಾಗಿ ಎದ್ದು ಊರಿಗಿಂತ ದೊಡ್ಡ ಊರಾದುವು. 1945ರಲ್ಲಿ ಯುದ್ಧವು ನಿಂತಿತು, ರೋಗಿಗಳು ಹೊರಟುಹೋದರು, ಆದರೆ ಸೈನ್ಯವು ತುಳಿದ ನೆಲವು ಮತ್ತೆ ಹೊಲವಾಗಲಿಲ್ಲ. 1949ರಲ್ಲಿ ಅಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಸ್ಥಾಪಿತವಾಯಿತು. 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯೂ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಹುಟ್ಟಿದುವು. ಅಲ್ಲಿಂದಾಚೆಗೆ ಮಲ್ಲೇಶ್ವರದಲ್ಲಿಯೋ ಯಶವಂತಪುರದಲ್ಲಿಯೋ ಇಂಟರ್‌ಮೀಡಿಯೆಟ್ ಮುಗಿಸಿದ ಹುಡುಗನ ಎದುರಿಗೆ ಕುಳಿತ ತಂದೆಗೆ, ಮಗನಿಗೆ ಯಾವ ವಿಷಯವನ್ನು ಕೊಡಿಸಬೇಕೆಂಬ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯ ಉಳಿಯಲಿಲ್ಲ.

ವಿದ್ಯಾರ್ಥಿಯು ತನ್ನ ಅಭಿರುಚಿಯನ್ನನುಸರಿಸಿ ವಿಷಯವನ್ನು ಆರಿಸಿಕೊಳ್ಳುತ್ತಾನೆಂದು ನಮ್ಮ ಪದವೀದಾನ ಭಾಷಣಕಾರರು ಹೇಳುವುದುಂಟು. ನಮಗೇನೋ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಯಾವ ಬಾಗಿಲು ತೆರೆದಿದೆಯೋ ಆ ಬಾಗಿಲಿನಲ್ಲಿ ಅವನು ಪ್ರವೇಶಿಸುತ್ತಾನೆ. ಅಭಿರುಚಿಯು ಬಹಳ ಮಟ್ಟಿಗೆ ಆಮೇಲೆ ಬೆಳೆಯುವಂಥದು. ಆ ಬಾಗಿಲನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಯುದ್ಧಕ್ಕಿರುವಷ್ಟು ಶಕ್ತಿ ಬೇರಾವ ವಿದ್ಯಾಮಂತ್ರಿಗೂ ಇಲ್ಲ.

ವಿಮಾನಶಾಸ್ತ್ರವನ್ನೇ ತೆಗೆದುಕೊಳ್ಳೋಣ. 1940ನೆಯ ಡಿಸೆಂಬರಿನಲ್ಲಿ ಶ್ರೀ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಸಹಾಯದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. ಎರಡು ವರ್ಷಗಳ ತರುವಾಯ, 1942ನೆಯ ಡಿಸೆಂಬರಿನಲ್ಲಿ, ಟಾಟಾ ವಿಜ್ಞಾನ ಮಂದಿರದಲ್ಲಿ ವಿಮಾನ ಇಂಜಿನಿಯರಿಂಗ್ ಶಾಖೆಯು ಆರಂಭವಾಗಿ, ಡಾ. ವಿ. ಎಂ. ಘಾಟಗೆಯವರು ಅದನ್ನು ನಡೆಯಿಸಿದರು. ಯುದ್ಧವಿಲ್ಲದಿದ್ದಲ್ಲಿ ಈ ಶಾಖೆಯು ಇನ್ನೆಷ್ಟು ವರ್ಷಗಳು ಕಾಗದದ ಮೇಲೆಯೇ ಉಳಿಯುತ್ತಿದ್ದಿತೋ ಹೇಳಬಲ್ಲವರಾರು? ಆದರೆ ಯುದ್ಧವು ಕೊಟ್ಟುದನ್ನು ಶಾಂತಿಯು ಬೇಗನೆ ಹಿಂದಕ್ಕೆ ಕೇಳಿತು. ಸಾವಿರಾರು ಜನರು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕೆಲಸವು ಕ್ಷೀಣಿಸಿ, ವಿಮಾನಗಳನ್ನು ದುರಸ್ತು ಮಾಡುತ್ತಿದ್ದ ಕೈಗಳು ರೈಲುಗಾಡಿಯ ಡಬ್ಬಿಗಳನ್ನು ಕಟ್ಟಬೇಕಾಯಿತು. ಗಾಳಿಯ ಗತಿಯನ್ನು ಗಣಿತದಿಂದ ಅಳೆಯಲು ಕಲಿತ ತರುಣನಿಗೆ ಇದು ಎಂಥ ಪರೀಕ್ಷೆಯೆಂಬುದನ್ನು ವಾಚಕರೇ ಊಹಿಸಬಹುದು. 1951ರಲ್ಲಿ ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-2 ತರಬೇತಿ ವಿಮಾನವು ಆಕಾಶಕ್ಕೇರಿದಾಗ ಮಾತ್ರವೇ ಆ ವಿದ್ಯೆಗೆ ನಮ್ಮ ದೇಶದಲ್ಲಿ ಸ್ವಂತ ಮನೆಯೊಂದು ದೊರೆಯಿತೆನ್ನಬಹುದು.

ಮುಚ್ಚಿದ ಬಾಗಿಲುಗಳ ಕಥೆಯು ಇನ್ನೂ ಸ್ವಾರಸ್ಯವಾದುದು. 1939ರಲ್ಲಿ ಕೇಂಬ್ರಿಜ್ಜಿನಿಂದ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಹೋಮಿ ಭಾಭಾ ಅವರು ಯುದ್ಧದ ದೆಸೆಯಿಂದ ಹಿಂದಿರುಗಲಾರದೆ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ವಿಶ್ವಕಿರಣಗಳ ಸಂಶೋಧನೆಯಲ್ಲಿ ನಿಂತರು. ವಿಕ್ರಮ ಸಾರಾಭಾಯಿಯವರೂ ಹಾಗೆಯೇ ಕೇಂಬ್ರಿಜ್ಜನ್ನು ಬಿಟ್ಟುಬಂದು, ಸರ್ ಸಿ. ವಿ. ರಾಮನ್ ಅವರ ಬಳಿ ಅದೇ ವಿಷಯವನ್ನು ಕೈಗೊಂಡರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಮೊದಲು ಕಣ್ಣುತೆರೆದುದು ನಮ್ಮ ಬೆಂಗಳೂರಿನಲ್ಲಿಯೇ. ಅದೇ ವರ್ಷ ಅದು ಬೊಂಬಾಯಿಗೆ ಹೋಯಿತು. ಹಡಗುಗಳು ನಿಂತುದರಿಂದ ನಮಗಾದ ಲಾಭವಿದು. ಲಾಭವನ್ನು ನಾವು ಎಷ್ಟು ದಿನ ಉಳಿಸಿಕೊಂಡೆವೆಂಬುದು ಬೇರೆಯ ಮಾತು.

ಆ ದಿನಗಳ ವಿದ್ಯಾರ್ಥಿಯ ಮುಂದೆ ಇನ್ನೊಂದು ಕವಲುದಾರಿಯೂ ಇದ್ದಿತು. ಅದನ್ನು ಮರೆಯುವುದು ನ್ಯಾಯವಲ್ಲ. 1940ರಿಂದ ಇಂಡಿಯಾ ಸರ್ಕಾರದವರು ಯುದ್ಧಕಾರ್ಯಕ್ಕಾಗಿ ತಂತ್ರಜ್ಞರನ್ನು ತಯಾರಿಸುವ ಶಿಕ್ಷಣ ಯೋಜನೆಯೊಂದನ್ನು ನಡೆಯಿಸಿದರು; ಕೆಲವು ತರುಣರನ್ನು ಬೆವಿನ್ ಯೋಜನೆಯಂತೆ ಇಂಗ್ಲೆಂಡಿಗೂ ಕಳುಹಿದರು. ಶಿಕ್ಷಣವೂ ಭತ್ಯವೂ ಒಟ್ಟಿಗೆ ದೊರೆಯುವುದಾದರೆ ಬಡ ಮನೆಯ ಹುಡುಗನು ಬೇಡವೆನ್ನುವುದೆಂತು? ಅದೇ ಸಮಯದಲ್ಲಿ, 1942ರ ಆಗಸ್ಟಿನಲ್ಲಿ, "ಭಾರತ ಬಿಟ್ಟು ತೊಲಗಿ" ಎಂಬ ಕರೆಗೆ ಓಗೊಟ್ಟು ಮೈಸೂರು ಸಂಸ್ಥಾನದ ಕಾಲೇಜುಗಳು ಬರಿದಾದುವು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿದ್ದ ಎಚ್. ನರಸಿಂಹಯ್ಯನವರು ಪಾಠವನ್ನು ಬಿಟ್ಟು ಕಾರಾಗೃಹವನ್ನು ಸೇರಿದರು. ಬಿಡುಗಡೆಯಾದ ಮೇಲೆ ಅವರು ಹಿಂದಿರುಗಿದುದು ಅದೇ ಭೌತಶಾಸ್ತ್ರಕ್ಕೆ. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಚಕ್ರವರ್ತಿಯ ಯುದ್ಧಕ್ಕೆಂದು ಲೇತ್ ಯಂತ್ರವನ್ನು ಕಲಿತವನನ್ನು ದೇಶದ್ರೋಹಿಯೆಂದು ಆಗ ಕೆಲವರು ಹೀಯಾಳಿಸುತ್ತಿದ್ದುದುಂಟು. ಆ ಮಾತನ್ನು ನಾವು ಒಪ್ಪಲಾರೆವು. ಸ್ವತಂತ್ರ ಭಾರತದ ಕಾರ್ಖಾನೆಗಳಲ್ಲಿ ಮೊದಲ ಯಂತ್ರಗಳ ಬಳಿ ನಿಲ್ಲುವವರು ಯಾರಾದರೂ ಬೇಕಾಗಿದ್ದರಷ್ಟೆ.

ಯುದ್ಧವು ಮುಗಿದ ಮರುವರ್ಷವೇ, 1946ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಬಿ. ಎಂ. ಶ್ರೀನಿವಾಸಯ್ಯನವರ ಔದಾರ್ಯದಿಂದ ಒಂದು, ಮೈಸೂರಿನಲ್ಲಿ ಇನ್ನೊಂದು, ಹೀಗೆ ಎರಡು ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾದುವು. 1947ರಲ್ಲಿ ಹುಬ್ಬಳ್ಳಿಯೂ ಕೂಡಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನ ಮೊದಲ ಇಂಜಿನಿಯರಿಂಗ್ ಕಾಲೇಜು ಹುಟ್ಟಿದುದೂ 1917ರಲ್ಲಿ, ಹಿಂದಿನ ಮಹಾಯುದ್ಧದ ನಡುವೆ ಎಂಬುದು ಗಮನಾರ್ಹ.

ಗಣಿತದಿಂದ ರೇಡಿಯೋ ವಿದ್ಯೆಗೆ ಬಂದ ಒಬ್ಬ ಮಹಿಳೆಯ ಉದಾಹರಣೆಯನ್ನು ಇಲ್ಲಿ ಕೊಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎಸ್‌ಸಿ. ಮಾಡಿದ್ದ ಶ್ರೀಮತಿ ರಾಜೇಶ್ವರಿ ಚಟರ್ಜಿಯವರು 1943ರಲ್ಲಿ ವಿಜ್ಞಾನ ಮಂದಿರದ ವಿದ್ಯುತ್ ಶಾಖೆಯನ್ನು ಸೇರಿ, ಯುದ್ಧಾನಂತರ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕೆಯ ಮಿಷಿಗನ್ನಿಗೆ ಹೋಗಿ, 1953ರಲ್ಲಿ ಹಿಂದಿರುಗಿ ಸೂಕ್ಷ್ಮತರಂಗಗಳ ವಿದ್ಯೆಯನ್ನು ನಮ್ಮ ತರುಣರಿಗೆ ಬೋಧಿಸಿದರು. ರೇಡಾರಿಗಾಗಿ ಯುದ್ಧದಲ್ಲಿ ಬೆಳೆದ ವಿದ್ಯೆಯದು. ಮರುವರ್ಷವೇ ಜಾಲಹಳ್ಳಿಯಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಕಾರದಿಂದ ಸೈನ್ಯಕ್ಕೆ ಬೇಕಾದ ನಿಸ್ತಂತು ಉಪಕರಣಗಳ ಕಾರ್ಖಾನೆಗೆ ಅಸ್ತಿಭಾರ ಬಿದ್ದುದರಿಂದ, ಕಲಿತವರಿಗೆ ಕೆಲಸವು ಊರಲ್ಲಿಯೇ ದೊರೆಯುವಂತಾಯಿತು. ಅದೇ ಕಾರ್ಖಾನೆಯು ಮುಂದೆ ಮತಯಂತ್ರಗಳನ್ನೂ ಮಾಡಿತು. ನೆರೆಯ ಎಚ್.ಎಂ.ಟಿ.ಯವರ ಕೈಗಡಿಯಾರದ ಉದ್ಯಮವಾದರೋ 2016ರಲ್ಲಿ ಮುಚ್ಚಲ್ಪಟ್ಟಿತು. ಶಾಂತಿಕಾಲದ ಸರಕಿಗೆ ಸೈನ್ಯದಂಥ ಖಾಯಂ ಗಿರಾಕಿ ಎಲ್ಲಿಯವನು?

1962ರ ಚೀನಾ ಯುದ್ಧವು ವಿದ್ಯಾರ್ಥಿಯ ಆಯ್ಕೆಯನ್ನೇ ಕೇಳಲಿಲ್ಲ. 1963ರಲ್ಲಿ ಎನ್.ಸಿ.ಸಿ. ಕವಾಯತು ಕಾಲೇಜುಗಳಲ್ಲಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಇವೆಲ್ಲ ಹಳೆಯ ಸಂಗತಿಗಳೆಂದು ವಾಚಕರು ಭಾವಿಸಬಾರದು. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ನುಗ್ಗಿದಾಗ ಅಲ್ಲಿ ವೈದ್ಯವಿದ್ಯೆಯನ್ನು ಓದುತ್ತಿದ್ದ ಸಾವಿರಾರು ಭಾರತೀಯರಲ್ಲಿ ಕನ್ನಡ ನಾಡಿನವರೂ ಅನೇಕರಿದ್ದರು. ಮಾರ್ಚಿ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಶೆಲ್ ದಾಳಿಗೆ ಬಲಿಯಾದನು. ಇವರು ಉಕ್ರೇನನ್ನು ಆರಿಸಿಕೊಂಡುದು ಮೋಹದಿಂದಲ್ಲ. ಇಲ್ಲಿ ಸರ್ಕಾರದ ಸೀಟು ದುರ್ಲಭ, ಖಾಸಗಿ ಸೀಟಿನ ಶುಲ್ಕವು ಮಧ್ಯಮ ವರ್ಗದವರ ಕೈಗೆಟುಕದು. ಪ್ರಾಣವುಳಿಸಿಕೊಂಡು ಬಂದವರನ್ನು ನಮ್ಮ ವೈದ್ಯ ಕಾಲೇಜುಗಳಿಗೆ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರವು ಅದೇ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಯುದ್ಧಕ್ಕೆಂದು ಎರಡು ವರ್ಷಗಳಲ್ಲಿ ಹೊಸ ಶಾಖೆಯನ್ನೇ ತೆರೆಯಬಲ್ಲ ದೇಶದಲ್ಲಿ, ಯುದ್ಧದಿಂದ ಓಡಿಬಂದವರಿಗೆ ಬೆಂಚು ಹುಡುಕುವುದು ಅಷ್ಟು ಕಷ್ಟವೆ? ಅವರಲ್ಲಿ ಕೆಲವರು ಜಾರ್ಜಿಯ, ಉಜ್ಬೆಕಿಸ್ತಾನಗಳಿಗೆ ಹೋದರು. ಇನ್ನು ಕೆಲವರು, ಬಾಂಬುಗಳು ಇನ್ನೂ ಬೀಳುತ್ತಿರುವಾಗಲೇ, ಉಳಿದ ಪಾಠಗಳನ್ನು ಮುಗಿಸಲು ಉಕ್ರೇನಿಗೇ ಹಿಂದಿರುಗಿದರು.